ಘಾಟು ಕೊಟ್ಟ ತೀರ್ಪು

ಯುಗಾದಿಯ ಮರುದಿನ, ಮಧ್ಯಾಹ್ನ ಮೂರು ಗಂಟೆ. ದೊಡವಾಡದ ನಮ್ಮ ಅಡುಗೆಮನೆಯಲ್ಲಿ ಅಜ್ಜಿ, ಆಕೆಯ ಕಿರಿಸೊಸೆ ಕಾಕು, ಹತ್ತು ವರ್ಷದ ನಾನು. ಮೆಣಸಿನಕಾಯಿ ಸುಟ್ಟ ಘಾಟು ಬಂದರೆ ಈಗಲೂ ಅಲ್ಲಿಗೇ ಹೋಗಿ ನಿಲ್ಲುತ್ತೇನೆ.

ತಿಂಗಳಿಂದ ಯಾವುದಕ್ಕೂ ಮನಸ್ಸಿಲ್ಲದೆ ಮಲಗಿದ್ದ ಕಾಕು, "ಅತ್ತಿಯಾರ, ಜೀವಾನ ಹೋಗತೈತೇನೋ ಅನ್ನುವಂಗ ಹೆದರಿಕಿ ಬರತೈತ್ರಿ. ನಾಕರ ಬಸ್ಸಿಗೆ ಧಾರವಾಡದ ಡಾಕ್ಟರ್ ಕಡೆ ಕರಕೊಂಡು ಹೋಗ್ರಿ" ಎಂದು ಅಂಗಲಾಚಿದಳು.

"ಹುಚ್ಚರ ಡಾಕ್ಟರ್ ಕಡೆ ಹೋದ್ರ ಮಂದಿ ಏನಂದಾರ?" ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಎಸೆದಳು. ದೃಷ್ಟಿ ತಾಗಿದ್ದರೆ ಘಾಟು ಏಳದು ಎಂಬುದು ನಮ್ಮ ಮನೆಯ ವೈದ್ಯಶಾಸ್ತ್ರ. ಎಲ್ಲರೂ ಕೆಮ್ಮಿದೆವು.

"ದೃಷ್ಟಿನೂ ಇಲ್ಲ, ಮಣ್ಣೂ ಇಲ್ಲ. ಬರೇ ಸೋಗು! ಏಳ, ರೊಟ್ಟಿ ಬಡಿ."

"ಸೋಗಲಾಡಿ ಕಾಕು" ಎಂದು ನಾನೂ ನಕ್ಕೆ. ಅಂಥ ಜಾಣರ ಮನೆ ನಮ್ಮದು.

ಬಸ್ಸು ಹಾರ್ನ್ ಹೊಡೆದು ಹೋಯಿತು. ಕಾಕು ಮೂವತ್ತು ರೊಟ್ಟಿ ಬಡಿದಳು. ದುಂಡಗಿಲ್ಲದವನ್ನು ಆರಿಸಿ, ಅಜ್ಜಿಗೆ ತೋರಿಸಲೆಂದು ನಾನು ಬೇರೆ ಇಟ್ಟೆ.