ತಾಟು ಹಿಡಿದ ಕೈ

ಸಾರಿನ ಸೌಟು ಹಿಡಿದ ಜಮೀಲಾಬಿಯ ಕೈ ಅರ್ಧದಲ್ಲೇ ನಿಂತಿತು. ಹನ್ನೆರಡು ದಿನ ಶಾಲೆಗೆ ಬಾರದಿದ್ದ ಸುಧಾರಾಣಿ ಇಂದು ಬಿಸಿಯೂಟದ ಸಾಲಿನಲ್ಲಿ ತಲೆ ಬಗ್ಗಿಸಿ ನಿಂತಿದ್ದಳು.

ಬಡಿಸುವಾಗ ಜಮೀಲಾಬಿ ಮಕ್ಕಳ ಮುಖಕ್ಕಿಂತ ತಾಟು ಹಿಡಿದ ಕೈಗಳನ್ನೇ ಹೆಚ್ಚು ನೋಡುವವಳು. ಈ ಹುಡುಗಿಯ ಮುಂಗೈ ಮೇಲಿನ ಸುಟ್ಟ ಗಾಯಗಳನ್ನು ಮೊದಲು ಕಂಡವಳೂ ಅವಳೇ. “ಒಲಿ ತಾಗಿತ್ರಿ ಚಾಚಿ” ಎಂದು ಹುಡುಗಿ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡಿದ್ದಳು. ಹದಿನಾರು ವರ್ಷ ಒಲೆಯ ಮುಂದೆಯೇ ಕಳೆದವಳಿಗೆ ಒಲೆಯ ಗಾಯ ಹೇಗಿರುತ್ತದೆಂದು ತಿಳಿಯದೆ? ಒಂದೇ ಅಳತೆಯ ಮೂರು ದುಂಡನೆಯ ಗಾಯಗಳನ್ನು ಬೀಡಿಯ ಕೆಂಡ ಮಾಡೀತೇ ಹೊರತು ಯಾವ ಒಲೆಯೂ ಮಾಡುವುದಿಲ್ಲ. ಅಂದೇ ಹೋಗಿ ಹೆಡ್ ಮೇಡಂಗೆ ಹೇಳಿದ್ದಳು. ಮೇಡಂ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಅಧಿಕಾರಿಗಳು ಬಂದು ಹುಡುಗಿಯನ್ನು ಅವಳಿದ್ದ ಸೋದರಮಾವನ ಮನೆಯಿಂದ ಬಿಡಿಸಿ ದುಮ್ಮವಾಡದ ಅಜ್ಜಿಯ ಬಳಿ ಬಿಟ್ಟರು. ಅಂದಿನಿಂದ ಜಮೀಲಾಬಿಗೆ ಒಂದೇ ಚಿಂತೆ. ಅಡಿಗೆಯವಳು ಇನ್ನೊಬ್ಬರ ಮನೆಯ ವಿಷಯಕ್ಕೆ ಬಾಯಿ ಹಾಕಬಹುದಿತ್ತೆ? ಹುಡುಗಿ ತನ್ನನ್ನು ಶಪಿಸುತ್ತಿದ್ದರೆ?

ತಾಟು ಮುಂದೆ ಬಂತು. ಮಾಸುತ್ತಿದ್ದ ಕಲೆಗಳ ಪಕ್ಕದಲ್ಲಿ ಹೊಸ ಹಸಿರು ಬಳೆಗಳು ಘಲ್ಲೆಂದವು.

“ಅಜ್ಜಿ ಹೊಸಾ ಬಳಿ ಇಡಿಸ್ಯಾಳ್ರಿ ಚಾಚಿ. ಮೊದಲ ನಿಮ್ಗ ತೋರಿಸಿ ಬಾ ಅಂದಾಳ.”

ಜಮೀಲಾಬಿ ಸೌಟಿನ ಮೇಲೆ ಸೌಟು ಸಾರು ಸುರಿಯುತ್ತಲೇ ಹೋದಳು. ಅನ್ನ ಮುಳುಗಿತು, ಸಾರು ತಾಟಿನ ಅಂಚು ದಾಟಿತು.

“ಸಾಕ್ರಿ ಚಾಚಿ!” ಸುಧಾರಾಣಿ ಕಿಲಕಿಲ ನಕ್ಕಳು. “ನಾ ಉಣ್ಣಾಕ ಬಂದೇನ್ರಿ, ಈಸಾಕಲ್ಲ!”