ಮೆಟ್ಟಿಲ ತಿರುವು

ಅಜ್ಜಿಯನ್ನು ಮಣ್ಣು ಮಾಡಿದ ಮರುದಿನ, ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ, ಅಜ್ಜಿಯ ದಿಂಬಿನಡಿ ಸಿಕ್ಕ ಅಳತೆಯ ಟೇಪನ್ನು ಹಿಡಿದುಕೊಂಡು ಮೊಮ್ಮಗನ ಹೆಂಡತಿ ಪಕ್ಕದ ಟೈಲರ್ ಅಂಗಡಿಗೆ ಬಂದಳು. ಮೂರು ತಲೆಮಾರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು, ಯಾರ ಕೈಯನ್ನೂ ನಡುವೆ ಬಿಟ್ಟವರಲ್ಲ ಎಂದು ನಿನ್ನೆ ಬಂದವರೆಲ್ಲ ಹೇಳಿ ಹೇಳಿ ಅತ್ತಿದ್ದರು. ಇವಳಿಗೆ ಮಾತ್ರ ಅಳು ಬಂದಿರಲಿಲ್ಲ. ಇವಳ ಗಂಡ ಸತ್ತಾಗಿನಿಂದ ಮಹಡಿಯ ಕೋಣೆಯಲ್ಲಿ ಇವಳ ಪಕ್ಕದಲ್ಲೇ ಮಲಗುತ್ತಿದ್ದ ಅಜ್ಜಿ, ಹೋದ ತಿಂಗಳು "ಮಂಡಿ ನೋವು ಕಣೇ" ಎಂದು ಹಾಸಿಗೆ ಸುತ್ತಿಕೊಂಡು ಕೆಳಗಿಳಿದಿದ್ದರು. ನನ್ನೊಬ್ಬಳನ್ನೇ ಬಿಟ್ಟು ಹೋದರಲ್ಲ ಎಂಬ ಸಿಟ್ಟು ಇನ್ನೂ ಆರಿರಲಿಲ್ಲ.

"ಇದು ನಿಮ್ಮದೇ ಇರಬೇಕು."

ಟೈಲರ್ ಮಷೀನು ನಿಲ್ಲಿಸಿದ. "ಹೂಂ ತಾಯಿ, ಅಜ್ಜಿ ಇಸ್ಕೊಂಡು ಹೋಗಿದ್ರು. ಮೆಟ್ಟಿಲ ತಿರುವು ಅಳೀಬೇಕು ಅಂದ್ರು. ಏನಜ್ಜಿ, ಮಂಚ ಇಳಿಸ್ತೀರಾ ಅಂದೆ. ಮಂಚ ಅಲ್ಲಪ್ಪಾ, ನನ್ನನ್ನೇ ಇಳಿಸಬೇಕಲ್ಲ ಅಂತ ನಕ್ಕರು. ಆ ತಿರುವಲ್ಲಿ ಹೆಣ ತಿರುಗಲ್ಲ, ಆ ಹುಡುಗಿ ಒಂದ್ಸಲ ನೋಡಿದ್ದೇ ಸಾಕು, ಕಾಲಲ್ಲಿ ಶಕ್ತಿ ಇರೋವಾಗ ನಾನೇ ಇಳಿದುಬಿಡ್ತೀನಿ ಅಂದ್ರು."

ಗಂಡನ ದೇಹ ಸಿಕ್ಕಿಕೊಂಡಿದ್ದು ಅದೇ ತಿರುವಿನಲ್ಲಿ. ನಾಲ್ವರು ಅದನ್ನು ಬೀರುವಿನಂತೆ ನೆಟ್ಟಗೆ ನಿಲ್ಲಿಸಿ, ಓರೆ ಮಾಡಿ, ಗೋಡೆಗೆ ತಾಗಿಸುತ್ತ ಇಳಿಸುವಾಗ ಇವಳು ಮೇಲಿನ ಮೆಟ್ಟಿಲಲ್ಲಿದ್ದಳು. ಅಜ್ಜಿ ಓಡಿ ಬಂದು ಅಂಗೈಯಿಂದ ಇವಳ ಕಣ್ಣು ಮುಚ್ಚುವಷ್ಟರಲ್ಲಿ ತಡವಾಗಿತ್ತು.

ಟೈಲರ್ ಕೈ ಚಾಚಿದ. ಇವಳ ಬೆರಳುಗಳಿಗೆ ಟೇಪಿನ ಸುರುಳಿಯನ್ನು ಬಿಡಲು ಸ್ವಲ್ಪ ಹೊತ್ತು ಬೇಕಾಯಿತು.

"ಮಂಡಿ ನೋವು ಅಂದಿದ್ರು," ಎಂದು ಅದನ್ನು ಅವನ ಕೈಗಿಟ್ಟಳು.