ಮೇಡಂಗೆ ಸಂದ ಉಪಕಾರ

ಒಂದಾನೊಂದು ಊರಿನಲ್ಲಿ, ಆ ಊರು ಮರಾಠಿ ಸೀಮೆಯ ಕಾತ್ರಜವೆಂದೇ ಇಟ್ಟುಕೊಳ್ಳಿ, ಭಾಗ್ಯಾ ಎಂಬ ಹುಡುಗಿ ಕುಂಕುಮದ ಬಟ್ಟಲು ಹಿಡಿದು ಶಾಲೆಯ ವೇದಿಕೆಯ ಮೇಲೆ ನಿಂತಿದ್ದಳು. ಅಂದು ಕೃತಜ್ಞತಾ ದಿನ. ಮಕ್ಕಳು ಮೊದಲು ಗುರುವಿಗೆ, ಆಮೇಲೆ ತಾಯಿಗೆ ಕುಂಕುಮ ಹಚ್ಚಿ ಉಪಕಾರ ಸ್ಮರಿಸಬೇಕು. ಸುಮೇಧಾ ಮೇಡಂ ಆಗಲೇ ಹಣೆ ಚಾಚಿದ್ದರು.

ಇದೇ ಮೇಡಂ ಸಂಕ್ರಾಂತಿಯ ಅರಿಶಿನ-ಕುಂಕುಮದ ದಿನ ತಾಯಂದಿರ ಹಣೆಗೆಲ್ಲ ಹಚ್ಚುತ್ತ ಬಂದು, ಗಂಡ ಸತ್ತವಳೆಂದು ಭಾಗ್ಯಾಳ ಅವ್ವ ಯಂಕವ್ವನನ್ನು ದಾಟಿ ಪಕ್ಕದವಳ ಹಣೆಗೆ ಬೆರಳಿಟ್ಟಿದ್ದರು. ಮನೆಯ ದಾರಿಯಲ್ಲಿ ಭಾಗ್ಯಾ ಮಾತು ಕೊಟ್ಟಿದ್ದಳು: "ಅಕಿನ್ನೂ ಹಿಂಗ ದಾಟಿ ಹೊಕ್ಕೀನಿ ನೋಡವ್ವಾ. ಅಕಿ ಎದುರಿಗೇ ನಿನಗ ಕುಂಕುಮ ಹಚ್ತೀನಿ."

ಈಗ ಅವಳು ಬೆರಳು ಅದ್ದಿ, ಮೇಡಂ ಹಣೆಯವರೆಗೂ ಒಯ್ದು, ಹಾಗೇ ಮುಂದೆ ನಡೆದಳು.

"ಮಗೂ, ಮೊದಲು ನನಗೆ," ಎಂದು ಮೇಡಂ ಮರಾಠಿಯಲ್ಲಿ ಪಿಸುಗುಟ್ಟಿದರು.

ಭಾಗ್ಯಾ ಮೈಕಿಗೆ ಕೇಳುವಂತೆ ಅವರದೇ ಮರಾಠಿಯಲ್ಲಿ ಹೇಳಿದಳು: "ಹೀಗೆ ದಾಟಿ ಹೋಗುವುದನ್ನು ಕಲಿಸಿದ್ದು ನೀವೇ ಮೇಡಂ. ತುಂಬಾ ಉಪಕಾರವಾಯಿತು."

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಚಾಚಿದ ಹಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಮೇಡಂಗೆ ತಿಳಿಯಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಯಂಕವ್ವ ಸೆರಗಿನಿಂದ ಹಣೆ ಮುಚ್ಚಿಕೊಂಡಳು. "ಬ್ಯಾಡವ್ವಾ, ಮಂದಿ ನೋಡಾಕತ್ಯಾರ."

"ಅಕಿನೂ ನೋಡಾಕತ್ಯಾಳ, ಯವ್ವಾ."

ಯಂಕವ್ವ ಮೇಡಂ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ ತಾನೇ ಸೆರಗು ಸರಿಸಿ ಮುಖ ಎತ್ತಿದಳು. ಭಾಗ್ಯಾ ಬಟ್ಟಲಲ್ಲಿದ್ದುದನ್ನೆಲ್ಲ ಬಳಿದು ಅವ್ವನ ಹಣೆ ತುಂಬ ಹಚ್ಚಿದಳು.